ಎಕ್ಸಿಲರೇಟರ್ ಬಿಟ್ಟರೆ ಹ್ಯಾಂಡಲ್ ಮಾತು ಕೇಳಲ್ಲ: ಜೆಟ್ ಸ್ಕೀ ಮತ್ತು ಅದರ ಎಚ್ಚರಿಕೆ ದೀಪಗಳು

ಬೈಕ್ ಓಡಿಸಲು ಬರುವವರಿಗೆ, ನೀರಿನ ಮೇಲೆ ಓಡುವ ಜೆಟ್ ಸ್ಕೀ ಮೇಲೆ ಕೂತ ಕೂಡಲೇ ಒಂದು ಧೈರ್ಯ ಬಂದುಬಿಡುತ್ತದೆ. ಹ್ಯಾಂಡಲ್ ಇದೆ, ಸೀಟಿದೆ, ಬಲಗೈ ಬೆರಳಿಗೆ ಎಕ್ಸಿಲರೇಟರ್ ಸಿಗುತ್ತದೆ. ಗೇರ್ ಬದಲಿಸುವ ಗೋಜಿಲ್ಲ, ಕ್ಲಚ್ ಇಲ್ಲ. ಇನ್ನೇನು ಕಷ್ಟ ಅನ್ನಿಸುತ್ತದೆ. ತೊಂದರೆ ಶುರುವಾಗುವುದು ಇಲ್ಲಿಂದಲೇ. ಎದುರಿಗೆ ಏನಾದರೂ ಅಡ್ಡ ಬಂದರೆ ಬೈಕ್ ಸವಾರ ಯೋಚನೆ ಮಾಡುವ ಮೊದಲೇ ಎಕ್ಸಿಲರೇಟರ್ ಬಿಡುತ್ತಾನೆ, ಆಮೇಲೆ ಹ್ಯಾಂಡಲ್ ತಿರುಗಿಸುತ್ತಾನೆ. ರಸ್ತೆಯಲ್ಲಿ ಅದು ಜೀವ ಉಳಿಸುವ ಅಭ್ಯಾಸ. ನೀರಿನ ಮೇಲೆ ಹಾಗೆ ಮಾಡಿದರೆ ಗಾಡಿ ಸರಿಯಾಗಿ ತಿರುಗುವುದೇ ಇಲ್ಲ. ಹ್ಯಾಂಡಲನ್ನು ಎಷ್ಟೇ ಎಳೆದರೂ ಮೂಗಿನ ನೇರಕ್ಕೆ ಜಾರಿಕೊಂಡು ಹೋಗಿ, ಯಾವುದನ್ನು ತಪ್ಪಿಸಬೇಕು ಅಂದುಕೊಂಡಿದ್ದಿರೋ ಅದಕ್ಕೇ ಗುದ್ದುತ್ತದೆ.

ಕವಾಸಾಕಿಯ ಜೆಟ್ ಸ್ಕೀ, ಯಮಹಾದ ವೇವ್‌ರನ್ನರ್, ಕೆನಡಾದ ಬಿಆರ್‌ಪಿ ಕಂಪನಿಯ ಸೀ-ಡೂ ಅಂತ ಹೆಸರುಗಳು ಬೇರೆಬೇರೆ. ಮಲ್ಪೆ, ಪಣಂಬೂರು, ಮುರುಡೇಶ್ವರದ ಕಡಲ ತೀರದಲ್ಲಿ ಮಾತ್ರ ಎಲ್ಲಕ್ಕೂ ಜೆಟ್ ಸ್ಕೀ ಅಂತಲೇ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಈ ಮೂರರಲ್ಲೂ ಓಡುವ ತಂತ್ರ ಒಂದೇ. ಅದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ದೀಪ, ಬೀಪ್‌ಗಳ ಅರ್ಧ ಪಾಠ ತಾನಾಗೇ ಆಗಿಬಿಡುತ್ತದೆ.

## ಒಂದೇ ನೀರು, ನಾಲ್ಕು ಕೆಲಸ

ಜೆಟ್ ಸ್ಕೀಯ ಅಡಿಯಲ್ಲಿ, ಹಿಂಭಾಗಕ್ಕೆ ಒಂದು ಬಾಯಿ ಇರುತ್ತದೆ. ಅದಕ್ಕೆ ಕಂಬಿಗಳ ಜಾಲರಿ. ಎಂಜಿನ್ ತಿರುಗಿಸುವ ಇಂಪೆಲ್ಲರ್, ಅಂದರೆ ಫ್ಯಾನಿನಂಥ ರೆಕ್ಕೆಯ ಚಕ್ರ, ಈ ಬಾಯಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಸುತ್ತುತ್ತಾ ಬಂದ ನೀರನ್ನು ಅದರ ಹಿಂದಿರುವ ಅಲುಗಾಡದ ರೆಕ್ಕೆಗಳು ನೇರ ಮಾಡುತ್ತವೆ. ಕೊನೆಗೆ ಸಣ್ಣ ಮೂತಿಯಿಂದ ಅದೇ ನೀರು ಭಾರೀ ವೇಗದಲ್ಲಿ ಹಿಂದಕ್ಕೆ ಚಿಮ್ಮುತ್ತದೆ, ಗಾಡಿ ಮುಂದಕ್ಕೆ ಹೋಗುತ್ತದೆ. ತೋಟಕ್ಕೆ ನೀರು ಬಿಡುವಾಗ ಪಂಪ್ ಜೋರಾದರೆ ಪೈಪು ಕೈಯನ್ನು ಹಿಂದಕ್ಕೆ ಒದೆಯುತ್ತದಲ್ವಾ, ಇದೂ ಹಾಗೇ.

ಮೀನುಗಾರಿಕೆ ಬೋಟಿಗೆ ಚುಕ್ಕಾಣಿ ಇರುತ್ತದೆ. ಎಂಜಿನ್ ಆಫ್ ಮಾಡಿದರೂ ಬೋಟು ಚಲಿಸುತ್ತಿರುವಷ್ಟು ಹೊತ್ತು ಚುಕ್ಕಾಣಿಯ ಹಲಗೆಗೆ ನೀರು ಬಡಿಯುತ್ತಿರುತ್ತದೆ, ಬೋಟು ತಿರುಗುತ್ತದೆ. ಜೆಟ್ ಸ್ಕೀಗೆ ಚುಕ್ಕಾಣಿ ಇಲ್ಲ. ಹ್ಯಾಂಡಲ್ ತಿರುಗಿಸಿದಾಗ ತಿರುಗುವುದು ಹಿಂದಿನ ಆ ಮೂತಿ ಮಾತ್ರ. ಮೂತಿ ಬಲಕ್ಕೆ ತಿರುಗಿದರೆ ನೀರು ಬಲಕ್ಕೆ ಚಿಮ್ಮಿ ಹಿಂಭಾಗವನ್ನು ಎಡಕ್ಕೆ ತಳ್ಳುತ್ತದೆ, ಮೂಗು ಬಲಕ್ಕೆ ತಿರುಗುತ್ತದೆ. ಎಕ್ಸಿಲರೇಟರ್ ಬಿಟ್ಟಿರೋ, ಚಿಮ್ಮುವ ನೀರು ಇಲ್ಲ. ನೀರಿಲ್ಲದ ಮೂತಿಯನ್ನು ಎತ್ತ ತಿರುಗಿಸಿದರೂ ಏನು ಪ್ರಯೋಜನ?

ಮೂರು ಜನ ಕೂರುವ ಜೆಟ್ ಸ್ಕೀ ಬರಿದಾಗಿಯೇ ಹೆಚ್ಚುಕಡಿಮೆ 300ರಿಂದ 400 ಕಿಲೋ ತೂಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದು ಎರಡು ಸೆಕೆಂಡಿಗೆ 33 ಮೀಟರ್ ದಾಟುತ್ತದೆ. ದೊಡ್ಡ ಎಂಜಿನ್ನಿನವು 100 ಕಿ.ಮೀ. ವೇಗವನ್ನೂ ಮುಟ್ಟುತ್ತವೆ. ಹೆದರಿ ಕೈಬಿಟ್ಟವನು ಅಷ್ಟು ದೂರವನ್ನೂ ತಿರುಗಲಾಗದೆ, ಬರೀ ನೋಡುತ್ತಾ ಹೋಗಬೇಕು.

ಹಾಗಾಗಿ ಅಡ್ಡ ಬಂದದ್ದನ್ನು ತಪ್ಪಿಸಬೇಕಾದರೆ ಹ್ಯಾಂಡಲ್ ತಿರುಗಿಸುವ ಜೊತೆಗೇ ಎಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದಿರಬೇಕು. ಹೇಳುವುದು ಸುಲಭ. ವರ್ಷಗಟ್ಟಲೆ ಬೈಕಿನಲ್ಲಿ ಪಳಗಿದ ಕೈಗೆ ಇದು ಒಗ್ಗುವುದಿಲ್ಲ. ಅದಕ್ಕೇ ಯಾರೂ ಇಲ್ಲದ, ಅಗಲವಾದ ನೀರಿನಲ್ಲಿ ಮೊದಲು ಇದನ್ನೇ ಅಭ್ಯಾಸ ಮಾಡಬೇಕು. ನಿಧಾನ ವೇಗದಲ್ಲಿ ಹೋಗಿ ಎಕ್ಸಿಲರೇಟರ್ ಬಿಟ್ಟು ಹ್ಯಾಂಡಲ್ ತಿರುಗಿಸಿ ನೋಡಿ. ಆಮೇಲೆ ಒತ್ತಿಕೊಂಡೇ ತಿರುಗಿಸಿ ನೋಡಿ. ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ. ಈ ಅಭ್ಯಾಸ ಇಲ್ಲದವರಿಗೆ ಜನ ಈಜುವ ಕಡೆ ಜೆಟ್ ಸ್ಕೀ ಕೊಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಹೊಸ ಮಾಡೆಲ್‌ಗಳಲ್ಲಿ ಇದಕ್ಕೊಂದು ಸಣ್ಣ ಪರಿಹಾರ ಇದೆ. ಎಕ್ಸಿಲರೇಟರ್ ಬಿಟ್ಟು ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಎಂಜಿನ್ ತಾನಾಗಿ ಸ್ವಲ್ಪ ವೇಗ ಹಿಡಿದು ಒಂದಿಷ್ಟು ನೀರು ಚಿಮ್ಮಿಸುತ್ತದೆ. ಸಹಾಯ ಹೌದು, ಆದರೆ ಎಂಜಿನ್ನೇ ನಿಂತುಹೋದರೆ ಅದೂ ಇಲ್ಲ. ಬ್ರೇಕ್ ಕೂಡ ಬಂದಿದೆ. ಸೀ-ಡೂ 2009ರ ಮಾಡೆಲ್‌ನಲ್ಲಿ ಐಬಿಆರ್ ಎಂಬ ಬ್ರೇಕ್ ತಂದಿತು, ಯಮಹಾ 2015ರಲ್ಲಿ ರೈಡ್ ಎಂಬುದನ್ನು ತಂದಿತು. ಎರಡರಲ್ಲೂ ಎಡಗೈಗೆ ಒಂದು ಲಿವರ್. ಒತ್ತಿದರೆ ಹಿಂದಿನ ಮೂತಿಯ ಮೇಲೆ ಒಂದು ಮುಚ್ಚಳ ಇಳಿದು, ಹಿಂದಕ್ಕೆ ಹೋಗಬೇಕಾದ ನೀರನ್ನು ಮುಂದಕ್ಕೆ ತಿರುಗಿಸುತ್ತದೆ. ಒಮ್ಮೆಲೇ ಒತ್ತಿದರೆ ಹಿಂದೆ ಕೂತವರು ಸವಾರನ ಬೆನ್ನಿಗೆ ಬಂದು ಗುದ್ದುತ್ತಾರೆ. ಹಿಂದೆ ಬರುತ್ತಿರುವ ಗಾಡಿಗೆ ಬ್ರೇಕ್ ಇಲ್ಲದಿದ್ದರೆ ಅದು ನಿಮ್ಮ ಮೇಲೇ ಬರುತ್ತದೆ.

ಮುಂದಕ್ಕೆ ತಳ್ಳುವುದು, ತಿರುಗಿಸುವುದು ಎರಡು ಕೆಲಸವಾಯಿತು. ಮೂರನೆಯದು ತಣ್ಣಗಾಗಿಸುವುದು. ಚಿಮ್ಮುವ ನೀರಿನ ಒಂದು ಪಾಲು ಸಣ್ಣ ಪೈಪಿನಲ್ಲಿ ಎಂಜಿನ್ನಿಗೆ ಹೋಗುತ್ತದೆ. ಯಮಹಾ, ಕವಾಸಾಕಿಗಳಲ್ಲಿ ಈ ಹೊರಗಿನ ನೀರೇ ಎಂಜಿನ್ ಸುತ್ತ ಹರಿಯುತ್ತದೆ. ಸೀ-ಡೂದಲ್ಲಿ ಎಂಜಿನ್ನಿಗೆ ಕಾರಿನಲ್ಲಿರುವಂಥ ಪ್ರತ್ಯೇಕ ಕೂಲಂಟ್ ಇದೆ, ಆದರೆ ಹೊಗೆ ಕೊಳವೆಯನ್ನು ತಣ್ಣಗಾಗಿಸಲು ಅದಕ್ಕೂ ಹೊರಗಿನ ನೀರು ಬೇಕೇ ಬೇಕು. ನಾಲ್ಕನೆಯ ಕೆಲಸ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಗಾಡಿಯ ಹೊಟ್ಟೆಯೊಳಗೆ ಸೇರಿಕೊಂಡ ನೀರನ್ನು ಹೊರಗೆಳೆಯುವುದೂ ಇದೇ ಪಂಪಿನ ಸೆಳೆತ. ಗಾಡಿ ಓಡುತ್ತಿದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ. ನಿಂತಲ್ಲೇ ತೇಲುತ್ತಿದ್ದರೆ ಒಳಗಿನ ನೀರು ಒಳಗೇ.

ಅಂದರೆ ಆ ಒಂದು ಬಾಯಿಗೆ ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡರೆ ನಾಲ್ಕೂ ಕೆಲಸ ಒಟ್ಟಿಗೇ ಕೆಡುತ್ತವೆ.

## ನ್ಯೂಟ್ರಲ್ ಅಂದರೂ ತಿರುಗುತ್ತಿರುತ್ತದೆ

ಎಂಜಿನ್ ಮತ್ತು ಇಂಪೆಲ್ಲರ್ ನಡುವೆ ಬಿಡಿಸುವ ವ್ಯವಸ್ಥೆ ಇರುವುದಿಲ್ಲ. ಎಂಜಿನ್ ಓಡುತ್ತಿದೆ ಅಂದರೆ ಇಂಪೆಲ್ಲರ್ ತಿರುಗುತ್ತಿದೆ, ನೀರು ಒಳಗೆ ಹೋಗುತ್ತಿದೆ ಅಂತಲೇ ಅರ್ಥ. ಹೊಸ ಗಾಡಿಗಳ ಪರದೆಯಲ್ಲಿ ನ್ಯೂಟ್ರಲ್ ಅಂತ ತೋರಿಸಿದಾಗಲೂ ಅಷ್ಟೇ. ಹಿಂದಿನ ಮುಚ್ಚಳ ಅರ್ಧ ಇಳಿದು ನೀರಿನ ಒತ್ತಡವನ್ನು ಅತ್ತಿತ್ತ ಹಂಚಿಬಿಡುತ್ತದೆ, ಗಾಡಿ ನಿಂತಂತೆ ಕಾಣುತ್ತದೆ.

ನಮ್ಮ ಕಡೆ ಇದು ತುಂಬಾ ಮುಖ್ಯ. ಪ್ರವಾಸಕ್ಕೆ ಬಂದವರು ಹಾಕಿಕೊಂಡ ಬಟ್ಟೆಯಲ್ಲೇ ಜೆಟ್ ಸ್ಕೀ ಹತ್ತುತ್ತಾರೆ. ದುಪಟ್ಟಾ, ಸೀರೆ ಸೆರಗು, ಬಿಚ್ಚಿದ ಉದ್ದ ಕೂದಲು, ಲೈಫ್ ಜಾಕೆಟ್ಟಿನ ನೇತಾಡುವ ಪಟ್ಟಿ, ಇವೆಲ್ಲ ಅಡಿಯ ಬಾಯಿಯ ಹತ್ತಿರ ಬಂದರೆ ಅದು ಒಳಗೆ ಸೆಳೆದುಕೊಳ್ಳುತ್ತದೆ. ನೀರಿಗೆ ಬಿದ್ದವರು ಮತ್ತೆ ಹತ್ತುವುದೂ ಹಿಂಬದಿಯಿಂದಲೇ. ಹಾಗಾಗಿ ಹತ್ತುವಾಗ ಎಂಜಿನ್ ಆಫ್ ಆಗಿರಲೇಬೇಕು. ಒಬ್ಬೊಬ್ಬರಾಗಿ ಹತ್ತಬೇಕು. ದುಪಟ್ಟಾವನ್ನು ದಡದಲ್ಲೇ ಬಿಟ್ಟು, ಜಡೆಯನ್ನು ಮೇಲೆತ್ತಿ ಕಟ್ಟಿ ಹೋಗುವುದು ಒಳ್ಳೆಯದು.

ಇನ್ನೊಂದು ಅಪಾಯವನ್ನು ಮುಜುಗರದಿಂದ ಯಾರೂ ಹೇಳುವುದಿಲ್ಲ, ಆದರೆ ತಯಾರಕರು ಗಾಡಿಯ ಮೇಲಿನ ಸ್ಟಿಕ್ಕರಿನಲ್ಲೇ ಬರೆದಿರುತ್ತಾರೆ. ಎಲ್ಲರಿಗಿಂತ ಹಿಂದೆ ಕೂತವರು ಹಿಮ್ಮುಖವಾಗಿ ಬಿದ್ದರೆ ಚಿಮ್ಮುವ ನೀರಿನ ಎದುರಿಗೇ ಬೀಳುತ್ತಾರೆ. ಆ ಒತ್ತಡಕ್ಕೆ ನೀರು ಗುದದ್ವಾರದಿಂದಲೋ ಯೋನಿಯಿಂದಲೋ ದೇಹದೊಳಗೆ ನುಗ್ಗಿ ಒಳ ಅಂಗಗಳಿಗೆ ಭಾರೀ ಗಾಯ ಮಾಡಬಹುದು. ಸಾಮಾನ್ಯ ಈಜುಡುಗೆ, ಚಡ್ಡಿಗಳು ಇದನ್ನು ತಡೆಯುವುದಿಲ್ಲ. ದಪ್ಪ ರಬ್ಬರಿನ ವೆಟ್‌ಸೂಟ್ ಪ್ಯಾಂಟ್ ಹಾಕಿ ಅಂತ ಕಂಪನಿಗಳು ಹೇಳುವುದು ಇದಕ್ಕೇ. ಬಾಡಿಗೆ ಸವಾರಿಯಲ್ಲಿ ಅದು ಸಿಗುವುದು ಕಷ್ಟ. ಕನಿಷ್ಠ ಹಿಂದೆ ಕೂತವರು ಮುಂದಿನವರನ್ನು ಗಟ್ಟಿಯಾಗಿ ಹಿಡಿದಿರಬೇಕು, ಅವರು ಹಿಡಿದುಕೊಳ್ಳುವವರೆಗೆ ಸವಾರ ಎಕ್ಸಿಲರೇಟರ್ ಮುಟ್ಟಬಾರದು. ಕಾಲು ಫುಟ್‌ರೆಸ್ಟಿಗೆ ಸಿಗದ ಪುಟ್ಟ ಮಕ್ಕಳನ್ನು ಹಿಂದೆ ಕೂರಿಸುವುದು ಬೇಡವೇ ಬೇಡ.

## ಮಣಿಕಟ್ಟಿನ ಹಗ್ಗ

ಸುರುಳಿ ಸುತ್ತಿದ ಒಂದು ಪುಟ್ಟ ಹಗ್ಗ ಗಾಡಿಯಲ್ಲಿ ನೇತಾಡುತ್ತಿರುತ್ತದೆ. ಒಂದು ತುದಿ ಸ್ವಿಚ್ಚಿಗೆ, ಇನ್ನೊಂದು ತುದಿ ಸವಾರನ ಮಣಿಕಟ್ಟಿಗೋ ಲೈಫ್ ಜಾಕೆಟ್ಟಿಗೋ. ಸವಾರ ಬಿದ್ದರೆ ಹಗ್ಗ ಕಿತ್ತುಬಂದು ಎಂಜಿನ್ ನಿಲ್ಲುತ್ತದೆ. ಕಟ್ಟದಿದ್ದರೆ ಗಾಡಿ ಒಂದು ಕಡೆ, ನೀವು ಇನ್ನೊಂದು ಕಡೆ. ಗಾಳಿ, ಸೆಳೆತ ಸೇರಿದರೆ ಖಾಲಿ ಗಾಡಿಯನ್ನು ಈಜಿ ಹಿಡಿಯುವುದು ಒಳ್ಳೆಯ ಈಜುಗಾರರಿಗೂ ಆಗದ ಮಾತು. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ ಸಣ್ಣ ಮೋಟಾರು ಬೋಟುಗಳಿಗೆ ಇಂಥ ಸ್ವಿಚ್ ಬಳಸುವುದನ್ನು ಕಾನೂನೇ ಮಾಡಿದ್ದಾರೆ.

ಸೀ-ಡೂದಲ್ಲಿ ಈ ಹಗ್ಗದ ತುದಿಯ ಕ್ಯಾಪಿನಲ್ಲೇ ಎಲೆಕ್ಟ್ರಾನಿಕ್ ಕೀಲಿ ಇದೆ. ಸ್ವಿಚ್ಚಿನ ಮೇಲೆ ಒತ್ತಿದಾಗ ಎರಡು ಚಿಕ್ಕ ಬೀಪ್ ಕೇಳಿದರೆ ಕೀಲಿ ಸರಿ, ಗಾಡಿ ಸ್ಟಾರ್ಟ್ ಆಗುತ್ತದೆ. ಒಂದೇ ಉದ್ದನೆಯ ಬೀಪ್ ಬಂದರೆ ಗಾಡಿ ಕೀಲಿಯನ್ನು ಗುರುತಿಸಿಲ್ಲ. ಬೇರೆ ಗಾಡಿಯ ಕೀಲಿ ಇರಬಹುದು. ಅದಕ್ಕಿಂತ ಜಾಸ್ತಿ ಆಗುವುದು ಕ್ಯಾಪಿನೊಳಗೆ ಉಪ್ಪು ಒಣಗಿ ಕೂತಿರುವುದು. ಒರೆಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ. ಹೊಸಬರಿಗೆ ಕೊಡಲು ವೇಗಕ್ಕೆ ಮಿತಿ ಇರುವ ಲರ್ನಿಂಗ್ ಕೀಲಿಯೂ ಬರುತ್ತದೆ. ಬಾಡಿಗೆಗೆ ಬಿಡುವವರು ಇದನ್ನೇ ಕೊಟ್ಟರೆ ಎಷ್ಟು ಒಳ್ಳೆಯದು!

## ದೀಪ ಹತ್ತಿದಾಗ: ನಿಲ್ಲಿಸಬೇಕೋ, ನಿಲ್ಲಿಸಬಾರದೋ

ಕೀಲಿ ಹಾಕಿದ ಕೂಡಲೇ ಪರದೆಯ ದೀಪಗಳೆಲ್ಲ ಒಮ್ಮೆ ಹತ್ತಿ ಆರುತ್ತವೆ. ಅದು ಗಾಡಿ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳುವ ರೀತಿ, ಗಾಬರಿ ಬೇಡ. ಆರದೆ ಉಳಿದ ದೀಪವನ್ನು ನೋಡಬೇಕು. ಒಮ್ಮೆಯೂ ಹತ್ತದ ದೀಪವನ್ನೂ ಅನುಮಾನದಿಂದಲೇ ನೋಡಬೇಕು, ಅದು ಕೆಟ್ಟಿದ್ದರೆ ನಡುನೀರಿನಲ್ಲಿ ಎಚ್ಚರಿಸುವವರು ಯಾರು?

ಎಲ್ಲ ದೀಪಕ್ಕೂ ಒಂದೇ ಉತ್ತರ ಇಲ್ಲ. ಕೆಲವು ಹತ್ತಿದರೆ ಎಂಜಿನ್ ತಕ್ಷಣ ಆಫ್ ಮಾಡಬೇಕು. ಒಂದು ಹತ್ತಿದರೆ ಮಾತ್ರ ದಡ ಮುಟ್ಟುವವರೆಗೆ ಆಫ್ ಮಾಡಬಾರದು.

ಎಣ್ಣೆ ಡಬ್ಬಿಯ ಚಿತ್ರ ಇರುವುದು ಆಯಿಲ್ ಒತ್ತಡದ ದೀಪ. ಎಲ್ಲಕ್ಕಿಂತ ಗಂಭೀರವಾದದ್ದು ಇದೇ. ಆಯಿಲ್ ಪಂಪಿನ ಒತ್ತಡ ಬಿದ್ದರೆ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗುವ ಭಾಗಗಳು ಒಣಗಿಕೊಂಡು ಒಂದಕ್ಕೊಂದು ಉಜ್ಜುತ್ತವೆ. ಗಾಡಿ ತಾನಾಗಿ ವೇಗ ಕಡಿಮೆ ಮಾಡುತ್ತದೆ, ಬೀಪ್ ಹೊಡೆಯುತ್ತದೆ. ‘ಇನ್ನು ಇನ್ನೂರು ಮೀಟರ್ ಅಷ್ಟೇ, ದಡಕ್ಕೆ ಹೋಗಿಬಿಡೋಣ’ ಅನ್ನುವ ಆಸೆಗೆ ಬೀಳಬಾರದು. ಎಂಜಿನ್ ಆಫ್ ಮಾಡಿ ಕೈ ಎತ್ತಿ ಸಹಾಯ ಕೇಳಿ. ಅಲೆಗೆ ಸಿಕ್ಕಿ ಬಂಡೆಗೋ ಬೋಟಿನ ದಾರಿಗೋ ಹೋಗುತ್ತಿದ್ದರೆ ಮಾತು ಬೇರೆ, ಆಗ ಎಂಜಿನ್ನಿಗಿಂತ ನಿಮ್ಮ ಜೀವ ದೊಡ್ಡದು. ದಡಕ್ಕೆ ಬಂದ ಮೇಲೆ ಗಾಡಿ ಸಮತಟ್ಟಾಗಿ ನಿಂತಿರುವಾಗ ಕಡ್ಡಿ ಎಳೆದು ಆಯಿಲ್ ನೋಡಿ. ಆಯಿಲ್ ಬೆಳ್ಳಗೆ ಮಂದವಾಗಿ ಕಂಡರೆ ಅದರಲ್ಲಿ ನೀರು ಬೆರೆತಿದೆ. ಅಂಥ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕಿಗೆ ಒಪ್ಪಿಸಬೇಕು.

ಥರ್ಮಾಮೀಟರ್ ಚಿತ್ರ ಬಿಸಿಯ ದೀಪ. ಹತ್ತರಲ್ಲಿ ಒಂಬತ್ತು ಸಲ ಮೊದಲ ಅನುಮಾನ ಅಡಿಯ ಬಾಯಿಯ ಮೇಲೇ ಹೋಗಬೇಕು. ಮಲ್ಪೆಯಂಥ ದೊಡ್ಡ ಮೀನುಗಾರಿಕೆ ಬಂದರಿನ ಪಕ್ಕದ ನೀರಿನಲ್ಲಿ ನೈಲಾನ್ ಬಲೆಯ ಚೂರು, ಹಗ್ಗದ ಎಳೆ, ಪ್ಲಾಸ್ಟಿಕ್ ಚೀಲಗಳಿಗೆ ಬರವಿಲ್ಲ. ಕವರ್ ಒಂದು ಜಾಲರಿಗೆ ಅಂಟಿಕೊಂಡರೆ ಹೀಗಾಗುತ್ತದೆ: ಮೊದಲು ಎಂಜಿನ್ ಕೂಗು ಏರುತ್ತದೆ, ವೇಗ ಏರುವುದಿಲ್ಲ. ನಂತರ ಸೀಟಿನ ಕೆಳಗೆ ನಡುಕ. ಯಮಹಾದ ಅನೇಕ ಮಾಡೆಲ್‌ಗಳಲ್ಲಿ ಪಕ್ಕದಿಂದ ಸಣ್ಣದಾಗಿ ಚಿಮ್ಮುತ್ತಿರಬೇಕಾದ ನೀರು ನಿಂತುಹೋಗುತ್ತದೆ. ಆ ಸಣ್ಣ ಧಾರೆ ಎಂಜಿನ್ನಿಗೆ ನೀರು ಸಿಗುತ್ತಿದೆ ಅನ್ನುವುದಕ್ಕೆ ಸಾಕ್ಷಿ. ಕೊನೆಗೆ ದೀಪ ಮಿನುಗಿ ಬೀಪ್ ಶುರುವಾಗುತ್ತದೆ. ದೀಪಕ್ಕೆ ಕಾಯದೆ ಮೊದಲ ಲಕ್ಷಣಕ್ಕೇ ಎಚ್ಚೆತ್ತರೆ ಎಂಜಿನ್ ಬಿಸಿಯಾಗುವುದೇ ಇಲ್ಲ.

ಆಗ ಎಂಜಿನ್ ಆಫ್ ಮಾಡಿ, ಹಗ್ಗದ ಕೀಲಿಯನ್ನೂ ಕಿತ್ತು ಕೈಯಲ್ಲಿಟ್ಟುಕೊಳ್ಳಿ. ಎಷ್ಟೋ ಸಲ ಎಂಜಿನ್ ನಿಂತು ಸೆಳೆತ ಹೋದ ಕೂಡಲೇ ಕವರ್ ತಾನಾಗಿ ಕಳಚಿ ತೇಲುತ್ತದೆ. ಇಲ್ಲದಿದ್ದರೆ ಆಳ ಇಲ್ಲದ ಕಡೆಗೆ ಎಳೆಸಿಕೊಂಡು ಬಂದು ತೆಗೆಯುವುದೇ ಕ್ಷೇಮ. ಎಂಜಿನ್ ಆನ್ ಇದ್ದಾಗ, ನ್ಯೂಟ್ರಲ್‌ನಲ್ಲೇ ಇರಲಿ, ಜಾಲರಿಗೆ ಕೈ ಹಾಕಬಾರದು. ಸೀ-ಡೂದ ಕೆಲವು ಹೊಸ ಮಾಡೆಲ್‌ಗಳಲ್ಲಿ ಇಂಪೆಲ್ಲರನ್ನು ಉಲ್ಟಾ ತಿರುಗಿಸಿ ಕಸ ಉಗುಳಿಸುವ ಸೌಲಭ್ಯ ಬಂದಿದೆ, ಆದರೆ ಸುತ್ತಿಕೊಂಡ ಹಗ್ಗಕ್ಕೆ ಅದನ್ನೇ ನಂಬಿ ಕೂರುವಂತಿಲ್ಲ. ಬಿಸಿ ಎಂಜಿನ್ನಿನ ಕೂಲಂಟ್ ಮುಚ್ಚಳ ತೆಗೆಯಬಾರದು ಅಂತ ಕಾರು ಇರುವವರಿಗೆ ಹೇಳಬೇಕಾಗಿಲ್ಲ.

ಬ್ಯಾಟರಿ ದೀಪ ಮೇಲಿನ ಎರಡಕ್ಕೂ ವಿರುದ್ಧ. ಗಾಡಿಯ 12 ವೋಲ್ಟ್ ಬ್ಯಾಟರಿಗೆ ಚಾರ್ಜ್ ಸರಿಯಾಗಿ ಸಿಗುತ್ತಿಲ್ಲ ಅಂತ ಅದು ಹೇಳುತ್ತದೆ. ಎಂಜಿನ್ ಓಡುತ್ತಿರುತ್ತದೆ, ಆದರೆ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅನ್ನುವ ಖಾತ್ರಿ ಇಲ್ಲ. ಕಾಲಿನಿಂದ ಒದ್ದು ಸ್ಟಾರ್ಟ್ ಮಾಡಲು ಇಲ್ಲಿ ಕಿಕ್ಕರ್ ಇಲ್ಲವಲ್ಲ. ಹಾಗಾಗಿ ನಡುವೆ ಫೋಟೋ ತೆಗೆಯಲು ನಿಲ್ಲಿಸದೆ ಸೀದಾ ದಡಕ್ಕೆ ಬನ್ನಿ. ಸೀ-ಡೂದ ಬ್ರೇಕ್ ಮುಚ್ಚಳ ಇಳಿಯುವುದೂ ಕರೆಂಟಿನಿಂದಲೇ, ಆದ್ದರಿಂದ ಬ್ರೇಕ್ ನಂಬಿ ಜೋರಾಗಿ ಬರಬೇಡಿ.

ಎಂಜಿನ್ ಚಿತ್ರದ ದೀಪ, ಅಂದರೆ ಚೆಕ್ ಎಂಜಿನ್, ಯಾವುದೋ ಸೆನ್ಸರ್ ತಪ್ಪು ತೋರಿಸುತ್ತಿದೆ ಅನ್ನುವುದರಿಂದ ಹಿಡಿದು ದೊಡ್ಡ ತೊಂದರೆವರೆಗೆ ಏನೂ ಆಗಿರಬಹುದು. ಇದರ ಜೊತೆಗೆ ಸೀ-ಡೂ ಪರದೆಯಲ್ಲಿ ‘ಲಿಂಪ್ ಹೋಮ್ ಮೋಡ್’ ಅಂತ ಬರಬಹುದು. ಆಗ ಎಷ್ಟು ಒತ್ತಿದರೂ ಗಾಡಿ ಒಂದು ಮಿತಿಗಿಂತ ವೇಗ ಹಿಡಿಯುವುದಿಲ್ಲ. ಎಂಜಿನ್ ಪೂರ್ತಿ ಹಾಳಾಗದೆ ನೀವು ದಡ ಸೇರಲಿ ಅಂತ ಮಾಡಿರುವ ವ್ಯವಸ್ಥೆ ಅದು. ಕೀಲಿ ತೆಗೆದು ಹಾಕಿದರೆ ಕೆಲವೊಮ್ಮೆ ಸಂದೇಶ ಮಾಯವಾಗುತ್ತದೆ. ‘ಸರಿಹೋಯ್ತು’ ಅಂದುಕೊಂಡು ಮತ್ತೆ ದೂರ ಹೋಗುವವರೇ ಸಂಜೆ ಹೊತ್ತಿಗೆ ಕೆಟ್ಟು ನಿಲ್ಲುವುದು.

ಪೆಟ್ರೋಲ್ ದೀಪದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬೋಟಿನವರ ಹಳೆಯ ಲೆಕ್ಕ ಒಂದಿದೆ: ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ. ಹೋಗುವಾಗ ಗಾಳಿ ಬೆನ್ನಿಗಿದ್ದು ಬರುವಾಗ ಎದುರಾದರೆ ಬರುವ ಖರ್ಚೇ ಜಾಸ್ತಿ. ಅಲೆಯಲ್ಲಿ ಗಾಡಿ ಕುಲುಕುವಾಗ ಮುಳ್ಳು ತೋರಿಸುವುದನ್ನು ಪೂರ್ತಿ ನಂಬಲೂ ಆಗುವುದಿಲ್ಲ.

ಇನ್ನು ಯಾವ ದೀಪವೂ ಹೇಳದ ವಿಷಯಗಳಿವೆ. ಹಿಂಭಾಗದಲ್ಲಿ ನೀರು ಬಸಿಯುವ ಬಿರಡೆಗಳು ಇರುತ್ತವೆ. ತೊಳೆದು ಇಟ್ಟಾಗ ಬಿಚ್ಚಿದ್ದನ್ನು ಹಾಕಲು ಮರೆತು ನೀರಿಗಿಳಿಸುವುದು ಎಲ್ಲ ದೇಶದಲ್ಲೂ ನಡೆಯುವ ಎಡವಟ್ಟು. ಗಾಡಿ ಹಿಂದೆ ಭಾರವಾಗಿ ಕೂತು, ಮೂಗು ಮೇಲೆದ್ದು, ವೇಗ ಹಿಡಿಯಲು ಒದ್ದಾಡುತ್ತಿದ್ದರೆ ಹೊಟ್ಟೆಯಲ್ಲಿ ನೀರಿದೆ. ಪೆಟ್ರೋಲ್ ವಾಸನೆಗೂ ದೀಪ ಇಲ್ಲ. ಟ್ಯಾಂಕ್ ತುಂಬಿಸಿದ ಮೇಲೆ ಸೀಟು ತೆಗೆದು ಕೆಲವು ನಿಮಿಷ ಗಾಳಿಯಾಡಲು ಬಿಡಿ. ವಾಸನೆ ಇದ್ದರೆ ಸ್ಟಾರ್ಟ್ ಮಾಡಲೇಬೇಡಿ. ಎಂಜಿನ್ ಕೋಣೆಯಲ್ಲಿ ಸೇರಿಕೊಂಡ ಆವಿಗೆ ಒಂದು ಕಿಡಿ ಸಾಕು.

## ರಸ್ತೆಯಲ್ಲಿ ಎಡಕ್ಕೆ, ನೀರಿನಲ್ಲಿ ಬಲಕ್ಕೆ

ಎದುರಿನಿಂದ ಗಾಡಿ ಬಂದರೆ ನಾವು ಎಡಕ್ಕೆ ಸರಿಯುತ್ತೇವೆ. ನೀರಿನ ನಿಯಮ ಉಲ್ಟಾ. 1972ರ ಅಂತಾರಾಷ್ಟ್ರೀಯ ನಿಯಮಗಳ ಪ್ರಕಾರ ಎರಡು ಎಂಜಿನ್ ಬೋಟುಗಳು ಎದುರಾಬದುರಾ ಬಂದರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ಒಬ್ಬರು ನಿಯಮದಂತೆ ಬಲಕ್ಕೆ, ಇನ್ನೊಬ್ಬರು ಊರಿನ ಅಭ್ಯಾಸದಂತೆ ಎಡಕ್ಕೆ ತಿರುಗಿದರೆ ಮುಖಾಮುಖಿ ಡಿಕ್ಕಿಯೇ ಗತಿ. ಅಡ್ಡ ದಾರಿಯಲ್ಲಿ ನಿಮ್ಮ ಬಲಗಡೆಯಿಂದ ಎಂಜಿನ್ ಬೋಟ್ ಬರುತ್ತಿದ್ದರೆ ನೀವು ದಾರಿ ಬಿಡಬೇಕು. ಹಿಂದಿಕ್ಕಿ ಹೋಗುವವರು ಮುಂದಿನವರಿಗೆ ತೊಂದರೆ ಕೊಡದಂತೆ ಸುತ್ತಿ ಹೋಗಬೇಕು. ಬಲೆ ಬೀಸಿ ಮೀನು ಹಿಡಿಯುತ್ತಿರುವ ಬೋಟಿಗೆ, ಹಾಯಿ ದೋಣಿಗೆ ಯಾವಾಗಲೂ ದಾರಿ ಬಿಡಬೇಕು. ಬಲೆ ಬೋಟಿನಿಂದ ಬಹಳ ದೂರದವರೆಗೆ ಹರಡಿರುತ್ತದೆ, ನೀರಿನ ಮೇಲೆ ಸಾಲಾಗಿ ತೇಲುವ ಬಲೆಯ ಗುಂಡುಗಳು ಕಂಡರೆ ಅದರ ಮೇಲೆ ಹಾಯಬಾರದು. ನೀವು ಸಿಕ್ಕಿಬೀಳುತ್ತೀರಿ, ಅವರ ಬಲೆ ಹರಿಯುತ್ತದೆ.

ಕಾನೂನು ಈ ಗಾಡಿಯನ್ನು ಗಂಭೀರವಾಗಿ ತೆಗೆದುಕೊಳ್ಳಲು ಎಲ್ಲ ಕಡೆಯೂ ತಡವೇ ಆಗಿದೆ. ಬ್ರಿಟನ್ನಿನಲ್ಲಿ 2005ರಲ್ಲಿ ಜೆಟ್ ಸ್ಕೀ ಡಿಕ್ಕಿಯ ಒಂದು ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ‘ಇದು ಹಡಗಿನ ಲೆಕ್ಕಕ್ಕೆ ಬರುವುದಿಲ್ಲ’ ಅಂದಿತ್ತು. ಹಡಗಿನ ಕಾನೂನನ್ನು ಇದಕ್ಕೂ ಅನ್ವಯಿಸುವ ಆದೇಶ ಜಾರಿಗೆ ಬಂದದ್ದು 2023ರ ಮಾರ್ಚ್ 31ಕ್ಕೆ. ನಮ್ಮಲ್ಲಿ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಜಲಕ್ರೀಡೆ ನಡೆಸುವವರಿಗೆ ಬೋಟ್ ಓಡಿಸುವ, ಜೀವ ಉಳಿಸುವ ತರಬೇತಿ ಕೊಡುತ್ತದೆ. ಬಾಡಿಗೆ ಸವಾರಿಗೆ ಹೋದಾಗ ‘ತರಬೇತಿ ಪತ್ರ ಇದೆಯಾ ಅಣ್ಣ?’ ಅಂತ ಕೇಳಲು ಸಂಕೋಚ ಬೇಡ. ಹಗ್ಗ ಯಾರ ಕೈಗೆ ಕಟ್ಟಿದ್ದಾರೆ, ಲೈಫ್ ಜಾಕೆಟ್ಟಿನ ಎಲ್ಲ ಬಕಲ್‌ಗಳೂ ಸರಿ ಇವೆಯಾ ನೋಡಿ. ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿದಾಗ ಜಾಕೆಟ್ ಕಿವಿವರೆಗೆ ಬಂದರೆ ಅದು ಸಡಿಲ. ಮಳೆಗಾಲದಲ್ಲಿ ಕರಾವಳಿಯ ಜಲಕ್ರೀಡೆಗಳನ್ನು ನಿಲ್ಲಿಸುತ್ತಾರೆ. ಆಗ ಯಾರಾದರೂ ‘ಬನ್ನಿ, ಒಂದು ರೌಂಡ್’ ಅಂದರೆ ಹೋಗಬೇಡಿ. ನಡುನೀರಿನಲ್ಲಿ ಕೆಟ್ಟು ನಿಂತರೆ ಗಾಡಿ ಬಿಟ್ಟು ಈಜಲೂಬೇಡಿ. ಅದು ತೇಲುತ್ತದೆ, ದೂರದಿಂದ ಕಾಣುತ್ತದೆ. ಕರಾವಳಿ ಕಾವಲು ಪಡೆಯ ತುರ್ತು ನಂಬರ್ 1554, ಸಾಮಾನ್ಯ ತುರ್ತು ನಂಬರ್ 112. ಫೋನನ್ನು ನೀರು ಹೋಗದ ಚೀಲದಲ್ಲಿಟ್ಟುಕೊಂಡಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

## ನಿಂತ ಎಂಜಿನ್ನಿಗೆ ನೀರು ನುಗ್ಗುವ ಮೂರು ದಾರಿ

ಓಡುತ್ತಿರುವ ಎಂಜಿನ್ ತನ್ನ ಹೊಗೆಯ ಒತ್ತಡದಿಂದಲೇ ತಣ್ಣಗಾಗಿಸುವ ನೀರನ್ನು ಹೊರಗೆ ತಳ್ಳುತ್ತಿರುತ್ತದೆ. ನಿಂತರೆ ತಳ್ಳುವವರಿಲ್ಲ. ಆಗ ಹೊಗೆ ಕೊಳವೆಯಲ್ಲಿ ತುಂಬಿದ ನೀರು ಹಿಮ್ಮುಖವಾಗಿ ಸಿಲಿಂಡರಿಗೆ ಇಳಿಯುತ್ತದೆ. ನೀರನ್ನು ಗಾಳಿಯಂತೆ ಅದುಮಲು ಆಗುವುದಿಲ್ಲ. ಹಾಗೇ ಸ್ಟಾರ್ಟ್ ಬಟನ್ ಒತ್ತಿದರೆ ಪಿಸ್ಟನ್ ಮೇಲೇರಲಾಗದೆ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು.

ಮೊದಲ ದಾರಿ ಮಗುಚುವುದು. ಗಾಡಿ ಬೋರಲಾದರೆ ಸೆನ್ಸರ್ ಎಂಜಿನ್ ನಿಲ್ಲಿಸುತ್ತದೆ. ನೆಟ್ಟಗೆ ಮಾಡುವಾಗ ಮನಸ್ಸಿಗೆ ಬಂದ ಕಡೆ ಉರುಳಿಸಬಾರದು. ಹಿಂಭಾಗದಲ್ಲಿ ಬಾಣದ ಗುರುತಿನ ಸ್ಟಿಕ್ಕರ್ ಅಂಟಿಸಿರುತ್ತಾರೆ. ಬೋರಲಾದಾಗ ಓದಲು ಬರಲಿ ಅಂತ ಅದನ್ನು ತಲೆಕೆಳಗಾಗಿಯೇ ಅಂಟಿಸಿರುವುದೂ ಉಂಟು. ಹಿಂದಿನಿಂದ ನೋಡಿದಾಗ ಯಮಹಾದಲ್ಲಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಉರುಳಿಸಬೇಕು. ಬೇರೆ ಗಾಡಿಗಳಲ್ಲಿ ಸ್ಟಿಕ್ಕರ್ ಹೇಳಿದಂತೆ. ತಪ್ಪು ಕಡೆಗೆ ಉರುಳಿಸಿದರೆ ಹೊಗೆ ಕೊಳವೆಯ ನೀರೆಲ್ಲ ಎಂಜಿನ್ನಿಗೆ ಹೋಗುತ್ತದೆ. ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೋರಲಾಗಿದ್ದರೆ ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಬನ್ನಿ.

ಎಳೆಸುವುದೇ ಎರಡನೆಯ ದಾರಿ. ಎಳೆಯುವ ಬೋಟು ಜೋರಾಗಿ ಹೋದರೆ ಅಡಿಯ ಬಾಯಿಯಿಂದ ನೀರು ತಾನಾಗಿ ನುಗ್ಗಿ ತಣ್ಣಗಾಗಿಸುವ ಪೈಪಿನಲ್ಲಿ ಏರುತ್ತದೆ. ಯಮಹಾ ಹೇಳುವ ಮಿತಿ ಗಂಟೆಗೆ 8 ಕಿ.ಮೀ. ಅಂದರೆ ಜೋರು ನಡಿಗೆಗಿಂತ ಸ್ವಲ್ಪ ಹೆಚ್ಚು. ಎಳೆಯಲು ಬಂದವರಿಗೆ ಇದನ್ನು ಹಗ್ಗ ಕಟ್ಟುವ ಮೊದಲೇ ಹೇಳಿಬಿಡಬೇಕು. ಬೋಟಿನವರಿಗೆ ಗೊತ್ತಿರುತ್ತದೆ ಅಂದುಕೊಳ್ಳಬೇಡಿ, ಅವರ ಬೋಟಿಗೆ ಈ ತಾಪತ್ರಯ ಇಲ್ಲ.

ಮೂರನೆಯದು ಮನೆಗೆ ಬಂದ ಮೇಲೆ, ತೊಳೆಯುವಾಗ. ಉಪ್ಪುನೀರಿನಲ್ಲಿ ಓಡಿಸಿದ ಗಾಡಿಯ ಒಳಗೆ ಸಿಹಿನೀರು ಹಾಯಿಸದಿದ್ದರೆ ಪೈಪುಗಳಲ್ಲಿ ಉಪ್ಪು ಕಟ್ಟಿ ಮುಂದಿನ ಸಲ ಬಿಸಿಯ ದೀಪ ಹತ್ತುತ್ತದೆ. ನಲ್ಲಿಯ ಪೈಪ್ ಜೋಡಿಸಿ, ಮೊದಲು ಎಂಜಿನ್ ಸ್ಟಾರ್ಟ್ ಮಾಡಿ, ತಕ್ಷಣ ನೀರು ಬಿಡಿ. ಮುಗಿದ ಮೇಲೆ ಮೊದಲು ನೀರು ಬಂದ್ ಮಾಡಿ, ಆಮೇಲೆ ಎಂಜಿನ್. ಕ್ರಮ ತಪ್ಪಿದರೆ ನಿಂತ ಎಂಜಿನ್ನಿಗೆ ನೀವೇ ನಲ್ಲಿ ನೀರು ತುಂಬಿಸಿದಂತೆ. ನೀರಿಲ್ಲದೆ ಎಂಜಿನ್ ಓಡುವ ಹೊತ್ತು 15 ಸೆಕೆಂಡ್ ಮೀರಬಾರದು. ಸೀ-ಡೂಗೆ ಕೂಲಂಟ್ ಇದ್ದರೂ ಅದರ ಹೊಗೆ ಕೊಳವೆ, ರಬ್ಬರ್ ಸೀಲುಗಳು ಒಣಗಿ ಕಾಯುತ್ತವೆ. ಕೊನೆಗೆ ಬಿರಡೆ ಬಿಚ್ಚಿ ಹೊಟ್ಟೆಯ ನೀರು ಬಸಿಯಲು ಬಿಡಿ, ಬಿಚ್ಚಿದ ಬಿರಡೆಗಳನ್ನು ಕೀಲಿಯ ಜೊತೆಗೇ ಇಡಿ. ಕೀಲಿ ಇಲ್ಲದೆ ಗಾಡಿ ಸ್ಟಾರ್ಟ್ ಆಗುವುದಿಲ್ಲವಲ್ಲ, ಬಿರಡೆ ಮರೆಯುವ ಪ್ರಶ್ನೆಯೇ ಬರುವುದಿಲ್ಲ.